ಭುಜದ ಗಂಟಿಗೆ ಸೂಜಿ: ಇಳಕಲ್ಲಿನ ನೇಕಾರ ತಂಗಿಯೊಬ್ಬರಿಗೆ ಉತ್ತರ

ಪ್ರಶ್ನೆ: ನನಗೆ 43 ವರ್ಷ. ಇಳಕಲ್ಲಿನಲ್ಲಿ ನಮ್ಮ ಮನೆಯಲ್ಲೇ ಕುಣಿಮಗ್ಗವಿದೆ. ಹದಿನೆಂಟು ವರ್ಷಗಳಿಂದ ಸೀರೆ ನೇಯುತ್ತಿದ್ದೇನೆ. ಎಂಟು ತಿಂಗಳಿಂದ ಬಲ ಭುಜದ ಮೇಲೆ ಗಂಟು ಕಟ್ಟಿದಂತೆ ನೋವು. ಸಂಜೆಯಾಗುತ್ತಲೇ ಅದು ಕುತ್ತಿಗೆ ಹತ್ತಿ, ಕಿವಿಯ ಹಿಂದಿನಿಂದ ಕಣತಲೆಗೆ ಬರುತ್ತದೆ. ಎಕ್ಸ್‌ರೇ ನೋಡಿ ‘ಸ್ವಲ್ಪ ಸವೆತ’ ಎಂದರು. ನೋವಿನ ಗುಳಿಗೆ ನುಂಗಿ ನುಂಗಿ ಹೊಟ್ಟೆ ಉರಿ ಶುರುವಾಗಿದೆ. ಮೂರು ವರ್ಷಗಳಿಂದ ಸಕ್ಕರೆ ಕಾಯಿಲೆಗೂ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ಬೆಳಗಾವಿಯಲ್ಲಿರುವ ನಮ್ಮ ಅತ್ತಿಗೆಗೆ ಡ್ರೈ ನೀಡ್ಲಿಂಗ್ ಎಂಬ ಸೂಜಿ ಚಿಕಿತ್ಸೆಯಿಂದ ಎರಡೇ ಸಲಕ್ಕೆ ಆರಾಮವಾಯಿತಂತೆ. ನಮ್ಮ ಅತ್ತೆಯವರು ಮಾತ್ರ ‘ಸೂಜಿ ನರಕ್ಕೆ ತಗುಲಿದರೆ ಕೈ ಬಿದ್ದುಹೋಗುತ್ತದೆ’ ಎನ್ನುತ್ತಾರೆ. ಇದು ಚೀನಾದವರ ಸೂಜಿ ಚಿಕಿತ್ಸೆಯೇ? ನೋವು ಪೂರ್ತಿ ಹೋಗುತ್ತದೆಯೇ? ನಮ್ಮ ಕಡೆ ಒಬ್ಬರು ಮನೆಗೇ ಬಂದು ಸೂಜಿ ಹಾಕುತ್ತಾರೆ, ಹಾಕಿಸಿಕೊಳ್ಳಬಹುದೇ?

ಉತ್ತರ: ತಂಗಿ, ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮನೆಗೆ ಬರುವ ಆ ವ್ಯಕ್ತಿ ಫಿಸಿಯೋಥೆರಪಿ ಪದವೀಧರರೋ ವೈದ್ಯರೋ ಎಂಬುದು ನಿಮಗೆ ಖಚಿತವಾಗಿ ಗೊತ್ತಿಲ್ಲದಿದ್ದರೆ ದಯವಿಟ್ಟು ಹಾಕಿಸಿಕೊಳ್ಳಬೇಡಿ. ನಿಮಗೆ ನೋವಿರುವುದು ಭುಜದ ಮೇಲ್ಭಾಗದಲ್ಲಿ. ಅದರ ಅಡಿಯಲ್ಲೇ ಶ್ವಾಸಕೋಶದ ತುದಿಯಿದೆ. ಕುತ್ತಿಗೆಯ ಬುಡದಲ್ಲಿ ಕೈಗೆ ಸಿಗುವ ಅಡ್ಡ ಎಲುಬಿಗಿಂತ ಎರಡು ಮೂರು ಸೆಂಟಿಮೀಟರ್ ಮೇಲಕ್ಕೆ ಅದು ಚಾಚಿಕೊಂಡಿರುತ್ತದೆ. ಸೂಜಿ ಕೊಂಚ ತಪ್ಪು ಓರೆಯಲ್ಲಿ, ಕೊಂಚ ಹೆಚ್ಚು ಆಳಕ್ಕೆ ಹೋದರೂ ಶ್ವಾಸಕೋಶಕ್ಕೆ ತೂತು ಬಿದ್ದು ಎದೆಗೂಡಿನೊಳಗೆ ಗಾಳಿ ಸೇರಿಕೊಳ್ಳಬಹುದು. ಕಲಿತವರ ಕೈಯಲ್ಲಿ ಇದು ಬಹಳ ಅಪರೂಪ. ಎಲುಬು, ಸ್ನಾಯು, ಶ್ವಾಸಕೋಶ ಎಲ್ಲೆಲ್ಲಿವೆ ಎಂಬುದನ್ನು ಶವ ಛೇದನದ ಮೇಜಿನ ಮುಂದೆ ನಿಂತು ಕಲಿಯದವರ ಕೈಗೆ ಭುಜವನ್ನು ಕೊಡುವುದು ನನಗಂತೂ ಒಪ್ಪಿಗೆಯಿಲ್ಲ.

ಈಗ ನಿಮ್ಮ ನೋವಿನ ವಿಚಾರ. ನೀವು ಬರೆದಿರುವ ದಾರಿಯನ್ನು, ಅಂದರೆ ಭುಜದ ಮೇಲಿಂದ ಕುತ್ತಿಗೆಯ ಪಕ್ಕ ಹತ್ತಿ, ಕಿವಿಯ ಹಿಂದೆ ಹಾದು ಕಣತಲೆಗೆ ಬರುವುದನ್ನು ಓದಿದ ಕೂಡಲೇ ನನಗೆ ಟ್ರಪೀಝಿಯಸ್ ಎಂಬ ಸ್ನಾಯು ನೆನಪಾಯಿತು. ತಲೆಬುರುಡೆಯ ಹಿಂಭಾಗದಿಂದ ಭುಜದವರೆಗೆ, ಅಲ್ಲಿಂದ ಬೆನ್ನಿನ ನಡುವಿನವರೆಗೆ ಹರಡಿಕೊಂಡಿರುವ ದೊಡ್ಡ ಸ್ನಾಯು ಅದು. ಕೊಡ ಹೊತ್ತರೂ, ತೋಳು ಎತ್ತಿದರೂ, ಚಿಂತೆಯಲ್ಲಿ ಭುಜ ಬಿಗಿಹಿಡಿದು ಕೂತರೂ ಭಾರ ಬೀಳುವುದು ಅದರ ಮೇಲಿನ ಭಾಗಕ್ಕೆ. ಆ ಭಾಗದಲ್ಲಿ ಬಿಗಿದ ಎಳೆಯೊಂದು ಬೆರಳಿಗೆ ಸಿಗುತ್ತದೆ. ಎಳೆಯ ಉದ್ದಕ್ಕೂ ಒತ್ತುತ್ತಾ ಹೋದರೆ ಒಂದು ಕಡೆ ಹುಣಸೆ ಬೀಜದಷ್ಟು ಗಟ್ಟಿ ಚುಕ್ಕೆ. ಅದನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಅನೇಕರು ‘ಅದೇ, ಅದೇ ನನ್ನ ತಲೆನೋವು’ ಎಂದು ಮುಖ ಕಿವುಚುತ್ತಾರೆ. ಒತ್ತಿದ್ದು ಭುಜವನ್ನು, ನೋವು ಕಾಣಿಸಿಕೊಂಡಿದ್ದು ಕಣತಲೆಯಲ್ಲಿ. ಇಂಥ ಚುಕ್ಕೆಗಳಿಗೆ ಟ್ರಿಗರ್ ಪಾಯಿಂಟ್ ಎನ್ನುತ್ತೇವೆ.

ನಮ್ಮ ಕಡೆ ಇದಕ್ಕೆ ‘ನರ ಹಿಡಿದಿದೆ’ ಎನ್ನುವುದು ರೂಢಿ. ಇನ್ನು ಕೆಲವರು ‘ವಾಯು ಸೇರಿಕೊಂಡಿದೆ’ ಎನ್ನುತ್ತಾರೆ. ಮಾತು ಏನೇ ಇರಲಿ, ಅನುಭವ ನಿಜ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಸ್ನಾಯುವಿನ ಬಿಗಿತ ಕಾಣುವುದಿಲ್ಲ. ನಲವತ್ತು ದಾಟಿದ ಬಹಳಷ್ಟು ಜನರ ಕುತ್ತಿಗೆಯ ಎಕ್ಸ್‌ರೇಯಲ್ಲಿ ‘ಸ್ವಲ್ಪ ಸವೆತ’ ಸಿಗುತ್ತದೆ, ಅವರಲ್ಲಿ ಅನೇಕರಿಗೆ ನೋವೇ ಇರುವುದಿಲ್ಲ. ಆ ಎರಡು ಪದ ಕೇಳಿ ಹೆದರಿ, ಮೂಳೆ ಪುಡಿಯಾಗುತ್ತಿದೆ ಎಂದುಕೊಂಡು ಕುತ್ತಿಗೆ ಅಲ್ಲಾಡಿಸುವುದನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ. ನೀವು ಹಾಗೆ ಮಾಡಬೇಡಿ.

ಸ್ನಾಯುವಿನಲ್ಲಿ ಚುಕ್ಕೆ ಯಾಕೆ ಗಟ್ಟಿಯಾಗುತ್ತದೆ? ಸಾಮಾನ್ಯವಾಗಿ ಕೊಡುವ ವಿವರಣೆ ಹೀಗಿದೆ. ನರವು ಸ್ನಾಯುವನ್ನು ಸೇರುವ ಜಾಗದಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸುರಿಯುತ್ತದೆ, ಸ್ನಾಯು ಸಂಕುಚಿಸುತ್ತದೆ. ಅತಿಯಾಗಿ ದುಡಿದ ಜಾಗದಲ್ಲಿ ಅದು ಅಗತ್ಯಕ್ಕಿಂತ ಹೆಚ್ಚು ಸುರಿದು, ಸ್ನಾಯುವಿನ ಸಣ್ಣ ತುಣುಕೊಂದು ಸಂಕುಚಿಸಿದಂತೆಯೇ ಉಳಿಯುತ್ತದೆ. ಹಾಗೆ ಉಳಿದಾಗ ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಒತ್ತಿಕೊಳ್ಳುತ್ತವೆ, ಆಮ್ಲಜನಕ ಕಡಿಮೆಯಾಗುತ್ತದೆ, ಆಮ್ಲೀಯತೆ ಹೆಚ್ಚುತ್ತದೆ, ನೋವು ಹುಟ್ಟಿಸುವ ರಾಸಾಯನಿಕಗಳು ಅಲ್ಲೇ ನಿಲ್ಲುತ್ತವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 2005ರಲ್ಲಿ ಇದೇ ಟ್ರಪೀಝಿಯಸ್ ಸ್ನಾಯುವಿನೊಳಗೆ ಕೂದಲಿನಂಥ ನಳಿಕೆಯಿರುವ ಸೂಜಿ ಇಳಿಸಿ, ನೋವಿರುವ ಚುಕ್ಕೆಯ ಸುತ್ತಲಿನ ದ್ರವವನ್ನು ಅಳೆದು ನೋಡಿದರು. ನೋವಿದ್ದವರಲ್ಲಿ ಇಂಥ ರಾಸಾಯನಿಕಗಳು ಹೆಚ್ಚಾಗಿಯೇ ಸಿಕ್ಕವು. ಆದರೂ ಈ ವಿವರಣೆಯನ್ನು ಎಲ್ಲ ತಜ್ಞರೂ ಒಪ್ಪಿಲ್ಲ. ಒಬ್ಬರೇ ರೋಗಿಯನ್ನು ಇಬ್ಬರು ಪರೀಕ್ಷಿಸಿದಾಗ ಇಬ್ಬರ ಬೆರಳೂ ಒಂದೇ ಚುಕ್ಕೆಯ ಮೇಲೆ ನಿಲ್ಲುವುದಿಲ್ಲ ಎಂಬ ಆಕ್ಷೇಪ ಹಳೆಯದು, ಅದರಲ್ಲಿ ಸತ್ಯವೂ ಇದೆ.

ಸೂಜಿಯ ಕಥೆಗೆ ಬರೋಣ. ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್ 1940ರ ದಶಕದಿಂದಲೇ ಇಂಥ ಚುಕ್ಕೆಗಳಿಗೆ ಮರಗಟ್ಟಿಸುವ ಔಷಧ ಚುಚ್ಚುತ್ತಿದ್ದರು. ಮುಂದೆ ಅಧ್ಯಕ್ಷ ಕೆನಡಿಯವರ ವೈದ್ಯೆಯಾದವರೂ ಅವರೇ. 1979ರಲ್ಲಿ ಜೆಕ್ ವೈದ್ಯ ಕಾರೆಲ್ ಲೆವಿಟ್ 241 ರೋಗಿಗಳ ಅನುಭವ ಪ್ರಕಟಿಸಿ, ಔಷಧವಿಲ್ಲದ ಬರಿ ಸೂಜಿಗೂ ನೋವು ತಗ್ಗುತ್ತದೆ, ಸರಿಯಾದ ಚುಕ್ಕೆಗೆ ತಾಗಿದರೆ ಸಾಕು ಎಂದರು. ಸುಮಾರು ಶೇಕಡಾ 87ರಷ್ಟು ಸಲ ಕೂಡಲೇ ಉಪಶಮನ ಕಂಡಿತ್ತು. ಆದರೆ ಅದರಲ್ಲಿ ಹೋಲಿಸಿ ನೋಡಲು ಸೂಜಿ ಹಾಕಿಸಿಕೊಳ್ಳದ ಗುಂಪು ಇರಲಿಲ್ಲ, ಆದ್ದರಿಂದ ಆ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಔಷಧವಿಲ್ಲದ, ಒಣ ಸೂಜಿ ಎಂಬ ಅರ್ಥದಲ್ಲೇ ಡ್ರೈ ನೀಡ್ಲಿಂಗ್ ಎಂಬ ಹೆಸರು.

ಇದು ಚೀನಾದ ಅಕ್ಯುಪಂಕ್ಚರ್ ಹೌದೋ ಅಲ್ಲವೋ ಎಂದು ಕೇಳಿದ್ದೀರಿ. ಸೂಜಿ ಎರಡರಲ್ಲೂ ಒಂದೇ ಜಾತಿಯದು. ಅಕ್ಯುಪಂಕ್ಚರ್‌ನಲ್ಲಿ ದೇಹದೊಳಗೆ ಹರಿಯುವ ಪ್ರಾಣಶಕ್ತಿಯ ದಾರಿಗಳನ್ನು ಗುರುತಿಸಿ, ಭುಜದ ನೋವಿಗೆ ಕಾಲಿನಲ್ಲೂ ಸೂಜಿ ಹಾಕಬಹುದು. ಡ್ರೈ ನೀಡ್ಲಿಂಗ್ ಮಾಡುವ ನಾವು ಅಂಗರಚನೆಯ ಲೆಕ್ಕದಲ್ಲಿ ನೋವಿರುವ ಸ್ನಾಯುವಿಗೇ ಹಾಕುತ್ತೇವೆ. ಎರಡರ ನಡುವೆ ಕೋಟೆ ಗೋಡೆಯೇ ಇದೆ ಎಂದು ವಾದಿಸುವ ಸಹೋದ್ಯೋಗಿಗಳಿದ್ದಾರೆ. ನನಗೆ ಅಷ್ಟು ದೊಡ್ಡ ಅಂತರವೇನೂ ಕಾಣುವುದಿಲ್ಲ, ಸಾವಿರಾರು ವರ್ಷ ಸೂಜಿ ಹಿಡಿದವರ ಬೆರಳಿಗೂ ಇದೇ ಗಂಟುಗಳು ಸಿಕ್ಕಿರಲೇಬೇಕು.

ನಿಮಗೆ ಹೆದರಿಕೆಯಿರುವುದು ಸೂಜಿ ಒಳಗೆ ಹೋಗುವ ಗಳಿಗೆಯ ಬಗ್ಗೆ ಇರಬೇಕು, ಅದನ್ನು ಬಿಡಿಸಿ ಹೇಳುತ್ತೇನೆ. ಇಂಜೆಕ್ಷನ್ ಸೂಜಿ ಒಳಗೆ ಪೊಳ್ಳು, ಅದರ ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ. ನಮ್ಮದು ಗಟ್ಟಿ ತಂತಿ. ದಪ್ಪ 0.25 ಅಥವಾ 0.30 ಮಿಲಿಮೀಟರ್, ಸಾಮಾನ್ಯ ಇಂಜೆಕ್ಷನ್ ಸೂಜಿಯ ಅರ್ಧದಷ್ಟು. ಭುಜಕ್ಕಾದರೆ 25ರಿಂದ 40 ಮಿಲಿಮೀಟರ್ ಉದ್ದದ್ದು ಸಾಕು. ನಿಮ್ಮನ್ನು ಬೋರಲು ಮಲಗಿಸುತ್ತೇನೆ. ಭುಜದ ಮೇಲಿನ ಮಾಂಸವನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಹಿಡಿದು, ರೊಟ್ಟಿ ಹಿಟ್ಟಿನ ಉಂಡೆಯನ್ನು ಹರಿವಾಣದಿಂದ ಎತ್ತುವಂತೆ ಪಕ್ಕೆಲುಬಿನಿಂದ ಮೇಲಕ್ಕೆ ಎತ್ತುತ್ತೇನೆ. ಸೂಜಿ ಹೋಗುವುದು ಒಂದು ಬೆರಳಿನಿಂದ ಇನ್ನೊಂದು ಬೆರಳಿನ ಕಡೆಗೆ, ಎತ್ತಿ ಹಿಡಿದ ಮಾಂಸದೊಳಗೇ. ಶ್ವಾಸಕೋಶದ ದಿಕ್ಕಿಗೆ ತುದಿ ತಿರುಗುವುದೇ ಇಲ್ಲ. ಸೂಜಿಗೆ ಸಣ್ಣ ಪ್ಲಾಸ್ಟಿಕ್ ಕೊಳವೆಯಿರುತ್ತದೆ. ಅದನ್ನು ಚರ್ಮಕ್ಕೆ ಒತ್ತಿ ಹಿಡಿದು ಸೂಜಿಯ ತಲೆಗೆ ಬೆರಳಿನಿಂದ ಒಮ್ಮೆ ತಟ್ಟಿದರೆ ಚರ್ಮ ದಾಟಿಬಿಡುತ್ತದೆ. ಅನೇಕರಿಗೆ ಅದು ಗೊತ್ತೂ ಆಗುವುದಿಲ್ಲ.

ಗೊತ್ತಾಗುವುದು ಅದರ ನಂತರ. ಸೂಜಿಯ ತುದಿ ಆ ಗಟ್ಟಿ ಚುಕ್ಕೆಗೆ ತಾಗಿದಾಗ ಸ್ನಾಯು ಒಮ್ಮೆ ಎಗರುತ್ತದೆ. ನೀವು ಹಗ್ಗ ಜಗ್ಗಿದಾಗ ಲಾಳಿ ಚಿಮ್ಮುತ್ತದಲ್ಲ, ಹಾಗೆ. ನಿಮ್ಮ ಇಚ್ಛೆಯಿಂದ ಆಗುವಂಥದ್ದಲ್ಲ, ತಡೆಯಲೂ ಬರುವುದಿಲ್ಲ. ಆ ಕ್ಷಣ ಒಂದು ಚಳಕು ಹೊಡೆದಂತಾಗಿ ಪರಿಚಯದ ನೋವೇ ಕಿವಿಯ ಹಿಂದೆ ಮಿಂಚಿ ಮಾಯವಾಗಬಹುದು. ಎರಡು ಮೂರು ಸಲ ಎಗರಿದ ಮೇಲೆ ಸ್ನಾಯು ಸುಮ್ಮನಾಗುತ್ತದೆ, ಬೆರಳಿಗೆ ಎಳೆಯ ಬಿಗಿ ಸಡಿಲಿದ್ದು ತಿಳಿಯುತ್ತದೆ. ಒಂದು ಚುಕ್ಕೆಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಎಗರಲೇಬೇಕು ಎಂದು ಪಟ್ಟು ಹಿಡಿದು ಹತ್ತಾರು ಸಲ ಕೆದಕುವವರಿದ್ದಾರೆ. ಹಾಗೆ ಕೆದಕಿದರೆ ಮರುದಿನದ ನೋವು ಹೆಚ್ಚುತ್ತದೆ ಅಷ್ಟೇ. ಸಾಕೆನಿಸಿದಾಗ ‘ಸಾಕು’ ಎನ್ನುವ ಅಧಿಕಾರ ನಿಮ್ಮದು, ಆ ಮಾತು ಕೇಳಿದ ಕೂಡಲೇ ಸೂಜಿ ಹೊರಗೆ ಬರಬೇಕು.

ಅತ್ತೆಯವರ ಅಂಜಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಸೂಜಿ ನರದ ಹತ್ತಿರ ಹೋಗಬಹುದು. ಹೋದರೆ ಕರೆಂಟ್ ಹೊಡೆದಂತೆ ಜುಮ್ಮೆನ್ನುತ್ತದೆ, ನೀವು ಹೇಳಿದ ತಕ್ಷಣ ಹಿಂದಕ್ಕೆ ಎಳೆಯುತ್ತೇವೆ. ಕೈ ಬಿದ್ದುಹೋಗುವಂಥ ಹಾನಿ ತೀರಾ ವಿರಳ. ಐರ್ಲೆಂಡ್‌ನಲ್ಲಿ 39 ಮಂದಿ ಫಿಸಿಯೋಥೆರಪಿಸ್ಟ್‌ಗಳು ತಾವು ನೀಡಿದ 7,629 ಚಿಕಿತ್ಸೆಗಳಲ್ಲಿ ಆದ ತೊಂದರೆಗಳನ್ನೆಲ್ಲ ಬರೆದಿಟ್ಟರು. 2014ರಲ್ಲಿ ಅದು ಪ್ರಕಟವಾಯಿತು. ನೂರಕ್ಕೆ ಏಳೆಂಟು ಸಲ ಚರ್ಮ ಕಂದಿ ನೀಲಿಗಟ್ಟಿತ್ತು, ನಾಲ್ಕೈದು ಸಲ ತುಸು ರಕ್ತ ಒಸರಿತ್ತು, ಎರಡು ಮೂರು ಸಲ ನೋವಾಗಿತ್ತು. ಆಸ್ಪತ್ರೆಗೆ ಸೇರಿಸುವಂಥ ಒಂದು ಪ್ರಕರಣವೂ ಇರಲಿಲ್ಲ. ಅವರೆಲ್ಲ ಪದವಿಯ ಮೇಲೆ ಈ ಕೆಲಸಕ್ಕೇ ಪ್ರತ್ಯೇಕ ತರಬೇತಿ ಪಡೆದವರು ಎಂಬುದನ್ನು ಅತ್ತೆಯವರಿಗೆ ಹೇಳುವಾಗ ಮರೆಯಬೇಡಿ.

ನನ್ನಿಂದಲೇ ಆದ ಒಂದು ತಪ್ಪನ್ನೂ ಹೇಳಬೇಕು. ಕೆಲಸ ಶುರು ಮಾಡಿದ ಹೊಸದರಲ್ಲಿ ಮುಧೋಳದ ಕಡೆಯ ಒಬ್ಬ ಹುಡುಗ ಬಂದ. ಕಬ್ಬು ಕಡಿದು ಲಾರಿಗೆ ಹೇರುವ ಗಟ್ಟಿಮುಟ್ಟಾದ ಆಳು. ಹಾಸಿಗೆ ಖಾಲಿಯಿರಲಿಲ್ಲ. ಸ್ಟೂಲಿನ ಮೇಲೆ ಕೂರಿಸಿಯೇ ಭುಜಕ್ಕೆ ಸೂಜಿ ಹಾಕಿದೆ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ, ತಿಂದಿದ್ದೀಯಾ ಎಂದು ನಾನು ಕೇಳಿರಲೂ ಇಲ್ಲ. ಸ್ನಾಯು ಎಗರಿದ ಕೂಡಲೇ ಅವನ ಮುಖ ಬಿಳಿಚಿತು, ಹಣೆಯಲ್ಲಿ ಬೆವರು ಮೂಡಿತು, ನಾನು ಹಿಡಿಯುವಷ್ಟರಲ್ಲಿ ಮುಂದಕ್ಕೆ ಕುಸಿದು ಮೇಜಿನ ಅಂಚಿಗೆ ಹಣೆ ಬಡಿದುಕೊಂಡ. ಎರಡು ಹೊಲಿಗೆ ಬಿತ್ತು. ಸೂಜಿ ಕಂಡು ತಲೆ ತಿರುಗುವುದು ದೇಹದ ಸಹಜ ಗುಣ, ಬಲಿಷ್ಠರಿಗೂ ಆಗುತ್ತದೆ. ಮಲಗಿಸಿದ್ದರೆ ಎರಡು ನಿಮಿಷದಲ್ಲಿ ಸರಿಹೋಗುತ್ತಿತ್ತು. ಅಂದಿನಿಂದ ಮಲಗಿಸದೆ ನಾನು ಯಾರಿಗೂ ಸೂಜಿ ಹಾಕಿಲ್ಲ. ನಿಮ್ಮನ್ನು ಕೂರಿಸಿಯೇ ಹಾಕುತ್ತೇವೆ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ.

ಊಟದ ಮಾತು ಬಂತು. ನೀವು ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರು, ಖಾಲಿ ಹೊಟ್ಟೆಯಲ್ಲಿ ಬಂದರೆ ಸಕ್ಕರೆ ಇಳಿದು ತಲೆ ಸುತ್ತುವ ಸಂಭವ ಇನ್ನೂ ಹೆಚ್ಚು. ರೊಟ್ಟಿ ತಿಂದೇ ಬನ್ನಿ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಸೂಜಿ ಚುಚ್ಚಿದ ಜಾಗದಲ್ಲಿ ಸೋಂಕು ತಗುಲುವ ಅಪಾಯ ಏರುತ್ತದೆ, ಆದ್ದರಿಂದ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ಇತ್ತೀಚಿನ ಚೀಟಿ ತನ್ನಿ. ರಕ್ತ ತೆಳುವಾಗಿಸುವ ಗುಳಿಗೆ ಏನಾದರೂ ನುಂಗುತ್ತಿದ್ದರೆ ಮೊದಲೇ ಹೇಳಿ. ಅದನ್ನು ನೀವಾಗಿಯೇ ನಿಲ್ಲಿಸಬೇಡಿ, ಆ ತೀರ್ಮಾನ ಬರೆದುಕೊಟ್ಟ ವೈದ್ಯರದು. ಗರ್ಭಿಣಿಯರು, ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ತೋಳು ಬಾತವರು, ರಕ್ತ ಹೆಪ್ಪುಗಟ್ಟದ ಕಾಯಿಲೆಯವರು ಕೂಡ ಮುಚ್ಚಿಡದೆ ಹೇಳಲೇಬೇಕು.

ಆದರೆ ಸಕ್ಕರೆ ಕಾಯಿಲೆಯ ಸಂಗತಿ ಓದಿದಾಗ ನನ್ನ ಮನಸ್ಸಿಗೆ ಸೂಜಿಗಿಂತ ಮೊದಲು ಬಂದದ್ದು ಬೇರೊಂದು. ಈ ಕಾಯಿಲೆಯಿರುವವರಿಗೆ, ಅದರಲ್ಲೂ ನಲವತ್ತರಿಂದ ಅರವತ್ತರ ನಡುವಿನ ಹೆಂಗಸರಿಗೆ, ಭುಜದ ಕೀಲಿನ ಸುತ್ತಲಿನ ಚೀಲ ದಪ್ಪವಾಗಿ ಕೀಲೇ ಬಿಗಿದುಕೊಳ್ಳುವುದು ಸಾಮಾನ್ಯ. ಫ್ರೋಜನ್ ಶೋಲ್ಡರ್ ಎನ್ನುವುದು ಇದಕ್ಕೇ. ಆರಂಭದಲ್ಲಿ ಅದೂ ಭುಜದ ನೋವಾಗಿಯೇ ಬರುತ್ತದೆ, ಸೂಜಿಯಿಂದ ಅದು ಬಿಡುವುದಿಲ್ಲ. ಮನೆಯಲ್ಲೇ ಒಮ್ಮೆ ನೋಡಿಕೊಳ್ಳಿ. ಗೋಡೆಗೆ ಬೆನ್ನು ಹಚ್ಚಿ ನಿಂತು ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ ಮಡಚಿ, ಮುಂಗೈ ಮುಂದಕ್ಕೆ ಚಾಚಿರಲಿ. ಮೊಣಕೈ ಪಕ್ಕೆ ಬಿಡದಂತೆ ಎರಡೂ ಮುಂಗೈಗಳನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ. ಎಡಗೈ ಸಲೀಸಾಗಿ ತಿರುಗಿ ಬಲಗೈ ಅರ್ಧಕ್ಕೇ ನಿಂತರೆ, ಮಗಳೋ ಸೊಸೆಯೋ ಮೆಲ್ಲನೆ ತಳ್ಳಿದರೂ ಮುಂದೆ ಹೋಗದಿದ್ದರೆ, ಸಮಸ್ಯೆ ಕೀಲಿನದ್ದಿರಬಹುದು. ಬಲಗೈಯಿಂದ ಜಡೆ ಹೆಣೆದುಕೊಳ್ಳಲು, ರವಿಕೆಯ ಹಿಂದಿನ ಗುಂಡಿ ಹಾಕಿಕೊಳ್ಳಲು ಕಷ್ಟವಾಗುತ್ತಿದೆಯೇ ಎಂಬುದೂ ಒಂದು ಸುಳಿವು. ಹಾಗಿದ್ದರೆ ದಾರಿಯೇ ಬೇರೆ, ಮೂಳೆ ವೈದ್ಯರನ್ನು ಕಾಣಬೇಕು.

ಇನ್ನು ಕೆಲವು ಲಕ್ಷಣಗಳಿದ್ದರೆ ನನ್ನಂಥವರ ಹತ್ತಿರ ಬರುವ ಮೊದಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆರಳುಗಳಲ್ಲಿ ಜೋಮು ಹಿಡಿದು ಕೈಯಿಂದ ಲೋಟ ಜಾರುವುದು, ನಡೆಯುವಾಗ ಕಾಲು ತೊಡರುವುದು, ಮಲಗಿದರೂ ಬಿಡದೆ ರಾತ್ರಿಯಿಡೀ ಕೊರೆಯುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ. ನಡೆದಾಗ, ಮೆಟ್ಟಿಲು ಹತ್ತಿದಾಗ ಭುಜ, ದವಡೆ, ಎದೆಯಲ್ಲಿ ನೋವು ಕಾಣಿಸಿ ನಿಂತರೆ ಕಡಿಮೆಯಾದರೆ ಅದು ಹೃದಯದ ನೋವಿರಬಹುದು, ಸಕ್ಕರೆ ಕಾಯಿಲೆಯವರಲ್ಲಿ ಅದು ಮಸುಕಾಗಿಯೂ ಬರುತ್ತದೆ.

ನೋವಿನ ಗುಳಿಗೆಯ ವಿಚಾರ ನನಗೆ ನಿಜಕ್ಕೂ ಕಳವಳ ತಂದಿದೆ. ಎಂಟು ತಿಂಗಳು ಡೈಕ್ಲೋಫೆನಾಕ್‌ನಂಥ ಗುಳಿಗೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಸಕ್ಕರೆ ಕಾಯಿಲೆಯವರ ಮೂತ್ರಪಿಂಡ ಮೊದಲೇ ನಾಜೂಕು. ಅಂಗಡಿಯಿಂದ ತಂದು ನುಂಗುವುದನ್ನು ನಿಲ್ಲಿಸಿ, ಯಾವ ಗುಳಿಗೆ ಎಷ್ಟು ದಿನ ಎಂಬುದನ್ನು ವೈದ್ಯರಿಗೆ ಹೇಳಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಮಲ ಡಾಂಬರಿನಂತೆ ಕಪ್ಪಾಗಿ ಹೋಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ. ನೋವು ಪೂರ್ತಿ ಹೋಗುತ್ತದೆಯೇ? ಸೂಜಿಯೊಂದರಿಂದಲೇ ಹೋಗುವುದಿಲ್ಲ. 2017ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಹದಿಮೂರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಏನೂ ಮಾಡದಿರುವುದಕ್ಕೂ ಹುಸಿ ಸೂಜಿಗೂ (ಅಂದರೆ ಚಿಕಿತ್ಸೆ ಕೊಟ್ಟಂತೆ ನಟಿಸುವುದಕ್ಕೂ) ಹೋಲಿಸಿದರೆ ಡ್ರೈ ನೀಡ್ಲಿಂಗ್‌ನಿಂದ ಹನ್ನೆರಡು ವಾರಗಳವರೆಗೆ ನೋವು ಕಡಿಮೆಯಿರುತ್ತದೆ, ಆದರೆ ಪುರಾವೆ ಅಷ್ಟು ಗಟ್ಟಿಯಲ್ಲ, ಅದರಾಚೆ ಏನಾಗುತ್ತದೆ ಎಂಬುದಕ್ಕೆ ಆಧಾರ ಸಾಲದು ಎಂಬುದು ಅದರ ಸಾರ. ನನ್ನ ಅನುಭವವೂ ಹೆಚ್ಚುಕಡಿಮೆ ಇದೇ. ಎರಡು ಸಲಕ್ಕೆ ಆರಾಮವಾದ ನಿಮ್ಮ ಅತ್ತಿಗೆಯಂಥವರು ಬಹಳ ಮಂದಿ ಸಿಗುತ್ತಾರೆ. ಅವರಲ್ಲಿ ಅದೇ ಕೆಲಸ ಅದೇ ಭಂಗಿಗೆ ಮರಳಿದವರು ಮೂರು ನಾಲ್ಕು ತಿಂಗಳಿಗೆ ಅದೇ ಭುಜ ಹಿಡಿದುಕೊಂಡು ಮತ್ತೆ ಬರುತ್ತಾರೆ. ಸೂಜಿ ನಿಮಗೆ ಕೊಡುವುದು ಕೆಲವು ವಾರಗಳ ಬಿಡುವು. ನೋವಿಗೆ ಹೆದರಿ ಇಷ್ಟು ದಿನ ಮಾಡಲಾಗದ ವ್ಯಾಯಾಮವನ್ನು ಆ ವಾರಗಳಲ್ಲಿ ಮಾಡಿ ಸ್ನಾಯುವನ್ನು ಗಟ್ಟಿಗೊಳಿಸಿಕೊಂಡರೆ ಲಾಭ.

ಎಷ್ಟು ಸಲ ಹಾಕಿಸಿಕೊಳ್ಳಬೇಕು? ವಾರಕ್ಕೊಮ್ಮೆಯಂತೆ ಮೂರು ಸಲ ಸಾಮಾನ್ಯವಾಗಿ ಸಾಕು, ಹೆಚ್ಚೆಂದರೆ ಐದು. ಮೂರನೆಯ ಸಲದ ಹೊತ್ತಿಗೂ ಕುತ್ತಿಗೆ ತಿರುಗುವಲ್ಲಿ, ಸಂಜೆಯ ತಲೆನೋವಿನಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ, ಮತ್ತೆ ಪರೀಕ್ಷೆ ಮಾಡಿಸಿ. ಹತ್ತು ಸಲಕ್ಕೆ ಮುಂಗಡ ಹಣ ಕಟ್ಟಿ ಎನ್ನುವ ಕಡೆ ಹೋಗಬೇಡಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಕಡೆ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ, ಅಲ್ಲಿ ವಿಚಾರಿಸಿದರೆ ಫಿಸಿಯೋಥೆರಪಿ ಪದವೀಧರರು ಸಿಗುತ್ತಾರೆ. ಸೂಜಿಯ ತರಬೇತಿ ಎಲ್ಲಿ ಪಡೆದಿರಿ ಎಂದು ಸಂಕೋಚವಿಲ್ಲದೆ ಕೇಳಿ. ಹೊಸ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯಬೇಕು, ಒಮ್ಮೆ ಬಳಸಿದ ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ ಬೀಳಬೇಕು. ಮುಟ್ಟಿ ನೋಡದೆ, ಕೈ ಎತ್ತಿಸಿ ನೋಡದೆ, ಚೀಟಿ ಓದಿದ ಕೂಡಲೇ ಸೂಜಿ ತೆಗೆಯುವವರು ಎಷ್ಟೇ ಹೆಸರುವಾಸಿಯಾದರೂ ನನಗೆ ನಂಬಿಕೆಯಿಲ್ಲ.

ನಿಮ್ಮ ಮಗ್ಗದ ಮುಂದೆ ಒಂದು ಗಳಿಗೆ ಕೂರೋಣ. ಕಾಲು ಕುಣಿಯಲ್ಲಿ, ಆಸನ ನೆಲದ ಮಟ್ಟಕ್ಕೆ. ಬಲಗೈ ಹಗ್ಗ ಜಗ್ಗುತ್ತದೆ, ಎಡಗೈ ಹಲಗೆ ಬಡಿಯುತ್ತದೆ, ಕಣ್ಣು ಹೊಕ್ಕಿನ ಎಳೆಯ ಮೇಲೆ. ಹಗ್ಗದ ಹಿಡಿ ಎದೆಗಿಂತ ಮೇಲಿದ್ದರೆ ಪ್ರತಿ ಸಲ ಜಗ್ಗುವಾಗಲೂ ಬಲ ಭುಜ ಕಿವಿಯ ಕಡೆಗೆ ಏರುತ್ತದೆ. ಹಿಡಿಯನ್ನು ಹೊಟ್ಟೆಯ ಮಟ್ಟಕ್ಕೆ ಇಳಿಸಿಕೊಳ್ಳಿ, ಇದು ಒಂದು ಗಂಟು ಬಿಚ್ಚಿ ಕಟ್ಟುವಷ್ಟೇ ಕೆಲಸ. ಆಸನದ ಮೇಲೆ ಗಟ್ಟಿ ದಿಂಬೋ ಮಡಚಿದ ಕೌದಿಯೋ ಹಾಕಿ ಮೂರು ನಾಲ್ಕು ಬೆರಳಿನಷ್ಟು ಎತ್ತರಿಸಿದರೆ ಬೆನ್ನು ಗೂನಾಗುವುದು ತಪ್ಪುತ್ತದೆ. ದೀಪ ತಲೆಯ ಹಿಂದಿದ್ದರೆ ನಿಮ್ಮದೇ ನೆರಳು ಬಟ್ಟೆಯ ಮೇಲೆ ಬಿದ್ದು ನೀವು ಇನ್ನಷ್ಟು ಬಾಗುತ್ತೀರಿ. ಅದನ್ನು ಮಗ್ಗದ ಮೇಲೆ, ಕೊಂಚ ಎಡಕ್ಕೆ ತನ್ನಿ. ಸೆರಗಿನ ಹಾಸು ಎಳೆಗಳನ್ನು ಒಡಲಿನ ಹಾಸು ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವ ತೋಪು ತೆನಿಯ ಕೆಲಸದಲ್ಲಂತೂ ಗಂಟೆಗಟ್ಟಲೆ ಕುತ್ತಿಗೆ ಎತ್ತದೆ ಕೂರಬೇಕಾಗುತ್ತದೆ ಎಂದು ನೇಕಾರರೇ ನನಗೆ ಹೇಳಿದ್ದಾರೆ. ಮೊಬೈಲಿನಲ್ಲಿ ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸುವಂತೆ ಇಟ್ಟುಕೊಳ್ಳಿ. ಬಾರಿಸಿದಾಗ ಎದ್ದು, ಎರಡೂ ಭುಜಗಳನ್ನು ಹಿಂದಕ್ಕೆ ಹತ್ತು ಸುತ್ತು ತಿರುಗಿಸಿ, ಗದ್ದವನ್ನು ಹಿಂದಕ್ಕೆ ಎಳೆದುಕೊಂಡು ಐದು ಎಣಿಸಿ, ಕುಳಿತುಕೊಳ್ಳಿ. ಒಂದು ನಿಮಿಷಕ್ಕೆ ಸೀರೆ ತಡವಾಗುವುದಿಲ್ಲ.

ವ್ಯಾಯಾಮ ಎಂದರೆ ಬಹಳ ಮಂದಿ ಕುತ್ತಿಗೆ ಅತ್ತಿತ್ತ ವಾಲಿಸಿ ಮುಗಿಸುತ್ತಾರೆ. ಅದು ಸಾಲದು, ಭಾರ ಎತ್ತಬೇಕು. ಡೆನ್ಮಾರ್ಕ್‌ನಲ್ಲಿ ಕುತ್ತಿಗೆ, ಭುಜದ ನೋವಿದ್ದ 198 ಮಂದಿ ಕಚೇರಿ ನೌಕರರಿಗೆ ರಬ್ಬರ್ ಪಟ್ಟಿ ಹಿಡಿದು ತೋಳನ್ನು ಪಕ್ಕಕ್ಕೆ ಎತ್ತುವ ಒಂದೇ ವ್ಯಾಯಾಮ ಹತ್ತು ವಾರ ಮಾಡಿಸಿದರು. 2011ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ದಿನಕ್ಕೆ ಎರಡೇ ನಿಮಿಷ ಮಾಡಿದವರಿಗೂ ಹನ್ನೆರಡು ನಿಮಿಷ ಮಾಡಿದವರಿಗೂ ನೋವು ತಗ್ಗಿತು. ನನಗೆ ಬಹಳ ಮೆಚ್ಚುಗೆಯಾದ ಪ್ರಯೋಗ ಇದು, ಎರಡು ನಿಮಿಷವಿಲ್ಲದ ಮನೆ ಯಾವುದಿದೆ? ನಿಮಗೆ ರಬ್ಬರ್ ಪಟ್ಟಿಯೂ ಬೇಡ. ಅರ್ಧ ಲೀಟರ್ ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು, ಮೊಣಕೈ ತುಸು ಮಡಚಿ, ತೋಳುಗಳನ್ನು ಪಕ್ಕದಿಂದ ಭುಜದ ಮಟ್ಟಕ್ಕೆ ಎತ್ತಿ ನಿಧಾನವಾಗಿ ಇಳಿಸಿ. ಹತ್ತು ಸಲ. ಎತ್ತುವಾಗ ಭುಜ ಕಿವಿಯ ಕಡೆಗೆ ಏರಬಾರದು. ಎರಡು ವಾರದ ನಂತರ ಒಂದು ಲೀಟರಿನ ಬಾಟಲಿ, ಅಂದರೆ ಒಂದು ಕಿಲೋ. ಮೊದಲ ವಾರ ಸ್ನಾಯು ತುಸು ನೊಂದುಕೊಳ್ಳುತ್ತದೆ, ಅದಕ್ಕೆ ಅಂಜಬೇಡಿ. ಮರುದಿನ ಬೆಳಿಗ್ಗೆಗೂ ನೋವು ಹೆಚ್ಚಿಯೇ ಇದ್ದರೆ ಅಂದು ಬಿಟ್ಟು ಮಾರನೆಯ ದಿನ ಮಾಡಿ.

ಇಳಕಲ್ಲಿನಿಂದ ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಗೆ ಬಸ್ಸಿನಲ್ಲಿ ಬರುವುದಾದರೆ ಜೊತೆಗೊಬ್ಬರಿರಲಿ. ಸೂಜಿ ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತು, ನೀರು ಕುಡಿದು ಹೊರಡಿ. ಭಾರದ ಚೀಲ ಬಲಗೈಗೆ ಬೇಡ. ಅಂದು ರಾತ್ರಿ ಮತ್ತು ಮರುದಿನ ಭುಜ ಯಾರೋ ಗುದ್ದಿದಂತೆ ನೋಯುತ್ತದೆ. ಒಂದೆರಡು ದಿನದಲ್ಲಿ ಅದು ತಾನಾಗಿಯೇ ಇಳಿಯುತ್ತದೆ, ಉಪ್ಪಿನ ಗಂಟಿನ ಹದವಾದ ಶಾಖ ಕೊಟ್ಟರೆ ಹಿತವಾಗುತ್ತದೆ. ಸಕ್ಕರೆ ಕಾಯಿಲೆಯವರ ಚರ್ಮಕ್ಕೆ ಬಿಸಿ ಸರಿಯಾಗಿ ತಿಳಿಯದಿರಬಹುದು, ಆದ್ದರಿಂದ ಗಂಟನ್ನು ಮೊದಲು ಅತ್ತೆಯವರು ತಮ್ಮ ಅಂಗೈಗೆ ಹಚ್ಚಿ ನೋಡಲಿ. ಮರುದಿನ ಮಗ್ಗಕ್ಕೆ ರಜೆ ಕೊಡಿ, ಕೈಯನ್ನು ಮಾತ್ರ ಜೋಳಿಗೆಯಲ್ಲಿಟ್ಟಂತೆ ಸುಮ್ಮನಿಡದೆ ಮನೆಗೆಲಸದಲ್ಲಿ ಆಡಿಸುತ್ತಿರಿ. ಉಸಿರು ಎಳೆದುಕೊಳ್ಳುವಾಗ ಎದೆಯಲ್ಲಿ ಚುಚ್ಚಿದಂತಾದರೆ, ಒಣಕೆಮ್ಮು ಬಂದರೆ, ನಾಲ್ಕು ಹೆಜ್ಜೆಗೆ ಏದುಸಿರು ಬಂದರೆ, ಅದು ಮನೆ ಮುಟ್ಟಿದ ಮೇಲೆ ರಾತ್ರಿ ಶುರುವಾದರೂ ಸರಿ, ಬೆಳಗಿನ ತನಕ ಕಾಯದೆ ತುರ್ತು ವಿಭಾಗಕ್ಕೆ ಹೋಗಿ ‘ಇಂದು ಭುಜಕ್ಕೆ ಸೂಜಿ ಹಾಕಿದ್ದಾರೆ, ಎದೆಯ ಎಕ್ಸ್‌ರೇ ತೆಗೆಯಿರಿ’ ಎಂದು ಇದೇ ಮಾತಿನಲ್ಲಿ ಹೇಳಿ.